ಲೋವ್ರೊನ ಬಲಗಣ್ಣಿಗೆ ಮಾಡಿದ ಬಂದೂಕು

ಉರ್ಬಾನನ ಬಂದೂಕಿನ ಬಗ್ಗೆ ಕೆಟ್ಟದ್ದು ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಉರ್ಬಾನನ ಬಗ್ಗೆ ಒಳ್ಳೆಯದು ಹೇಳಿದವರನ್ನೂ ಕಂಡಿಲ್ಲ. ಅವನು ಬಂದೂಕು ಮಾಡುವ ಕೊಟ್ಟಿಗೆಗೂ ನನ್ನ ಹೋಟೆಲಿಗೂ ನಡುವೆ ಇರುವುದು ಒಂದು ಬೇಲಿ, ಒಂದು ಪ್ಲಮ್ ಮರ. ಅಲ್ಲಿ ಬೈಸಿಕೊಂಡವರು ನೇರವಾಗಿ ಇಲ್ಲಿಗೆ ಬಂದು ಕೂರುತ್ತಾರೆ. ನಾನು ಒಂದು ಗ್ಲಾಸು ಪ್ಲಮ್ ಸಾರಾಯಿ ಮುಂದಿಡುತ್ತೇನೆ. ಮೊದಲ ಗ್ಲಾಸಿಗೆ ಅವನ ವಂಶವನ್ನೆಲ್ಲ ಜಾಲಾಡುತ್ತಾರೆ. ಎರಡನೆಯದಕ್ಕೆ, "ಆದ್ರೂ ತಿಲ್ಕಾ, ಅವನ ಕೈಕೆಲಸ ನೋಡು" ಎಂದು ಶುರುಮಾಡುತ್ತಾರೆ. ಹಾಲು ಕೊಡುವ ಹಸು ಒದ್ದರೂ ಸಹಿಸಬೇಕು ಎನ್ನುವ ಜನ ಇವರು. ನನಗಂತೂ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಒದೆ ಯಾರಿಗೆ ಬಿತ್ತು, ಹಾಲು ಯಾರು ಕುಡಿದರು ಎಂದು ಯಾರೂ ಕೇಳುವುದಿಲ್ಲ.

ಉರ್ಬಾನ್ ಗಿಡ್ಡ ಆಳು. ಅಗಲವಾದ ಕೈ, ಕಿವಿಯಲ್ಲಿ ಸದಾ ಮರದ ಹೊಟ್ಟು. ಹುಡುಗನಾಗಿದ್ದಾಗ ಕೆಳಗಿನ ಪಟ್ಟಣದ ಸರಕಾರಿ ಕಾರ್ಖಾನೆಯಲ್ಲಿ ಬಂದೂಕಿನ ಹಿಡಿ ಕೊರೆಯುತ್ತಿದ್ದ. ಹೆಗಲಿಗೆ ಆನಿಸಿ, ಕೆನ್ನೆ ಒತ್ತಿ ಗುರಿ ನೋಡುತ್ತಾರಲ್ಲ, ಆ ಮರದ ಹಿಡಿ. ಅಲ್ಲಿ ಎಲ್ಲ ಹಿಡಿಯೂ ಒಂದೇ ಅಳತೆ. ಉದ್ದ ಕೈಯವನಿಗೂ ಅದೇ, ಕುಳ್ಳನಿಗೂ ಅದೇ. "ಎಲ್ರಿಗೂ ಆಗೋ ಮಾಲು ಯಾರಿಗೂ ಆಗಲ್ಲ" ಎಂದು ಮೇಸ್ತ್ರಿಯ ಮುಖಕ್ಕೇ ಹೇಳಿ ಹೊರಗೆ ಬಂದ. ಅಂದಿನಿಂದ ಒಬ್ಬನ ಮೈಗೆ ಒಂದೇ ಬಂದೂಕು. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಅಟ್ಟದ ಮೇಲೆ ಅಕ್ರೋಟ್ ಹಲಗೆಗಳನ್ನು ಒಣಗಲು ಹಾಕಿ ಅವುಗಳ ಕೆಳಗೇ ಮಲಗುತ್ತಾನೆ. ಮಲ್ಚಿ ಎನ್ನುವ ಹೆಂಡತಿ ಇದ್ದಳು. ಅವಳು ಬೇಯಿಸಿದ ಬ್ರೆಡ್ಡು ಒಂದು ಕಡೆ ವಾಲಿದೆ ಎಂದು ದಿನವೂ ಹೇಳುತ್ತಿದ್ದ. ಒಂದು ದಿನ ಅವಳು ಬ್ರೆಡ್ಡನ್ನು ಒಲೆಯಲ್ಲೇ ಬಿಟ್ಟು ಬಸ್ಸು ಹತ್ತಿದಳು. ಆ ಬಸ್ಸು ಓಡಿಸುತ್ತಿದ್ದವನು ಲೋವ್ರೊ. ನಾನು ಹೇಳಹೊರಟಿರುವುದು ಅವನ ಕತೆಯನ್ನೇ.

ಅದಕ್ಕೆ ಮುಂಚೆ ಉರ್ಬಾನನ ಕಟ್ಟಳೆಗಳನ್ನು ಹೇಳಿಬಿಡಬೇಕು. ಬಂದೂಕು ಬೇಕಾದವನು ಬರಿಯ ಅಂಗಿಯಲ್ಲಿ ಅವನ ಮುಂದೆ ನಿಲ್ಲಬೇಕು. ಅವನು ತೋಳು, ಕತ್ತು, ಹೆಗಲು, ಕೆನ್ನೆಯ ಮೂಳೆ ಎಲ್ಲವನ್ನೂ ಬೆರಳಲ್ಲಿ ಒತ್ತಿ ನೋಡಿ ಒಂದು ಕೋಲಿನ ಮೇಲೆ ಗೀರು ಹಾಕಿಕೊಳ್ಳುತ್ತಾನೆ. ಆಮೇಲೆ ಮನೆಗೆ ಹೋಗಿ ಕಾಯಬೇಕು. ಆಯಿತೇ ಎಂದು ಫೋನ್ ಮಾಡಿದವನು ಸಾಲಿನ ಕೊನೆಗೆ. ಅಳತೆಯಲ್ಲಿ ಏನಾದರೂ ಬದಲಿಸು ಎಂದವನೂ ಸಾಲಿನ ಕೊನೆಗೆ. ರಾಜಧಾನಿಯಿಂದ ಬಂದ ಹಲ್ಲಿನ ಡಾಕ್ಟರನೊಬ್ಬ ಕಾರಿನ ಹಾರ್ನ್ ಹೊಡೆದು ಕರೆದದ್ದಕ್ಕೆ, "ದನ ಕರೆಯೋ ಹಾಗೆ ಕರೀತಿದ್ದೀಯೇನೋ ನನ್ನ? ಹೋಗು, ಹಾರ್ನಲ್ಲೇ ಬೇಟೆ ಆಡು" ಎಂದು ಬಾಗಿಲು ಹಾಕಿಕೊಂಡಿದ್ದ. ಕಸಾಯಿಯೊಬ್ಬ ನಳಿಗೆಯ ಮೇಲೆ ಗೀಚು ಬಿದ್ದಿದೆ ಎಂದು ತಂದರೆ, "ನಿನ್ನ ಮದ್ವೆ ಉಂಗುರದ ಗೀಚು ಕಣೋ ಅದು. ಉಂಗುರ ಬಿಡು, ಇಲ್ಲ ಬಂದೂಕು ಬಿಡು" ಎಂದು ಕೈಯಿಂದಲೂ ಮುಟ್ಟದೆ ವಾಪಸು ಕಳಿಸಿದ. ಕಸಾಯಿ ನನ್ನಲ್ಲಿ ಕೂತು ಬೈದ, ಎರಡನೆಯ ಗ್ಲಾಸಿಗೆ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡ.

ಎಲ್ಲಕ್ಕಿಂತ ಕೆಟ್ಟ ಕಟ್ಟಳೆ ಕೊನೆಯದು. ಹೊಸ ಬಂದೂಕು ಕೊಡುವ ದಿನ ಗಿರಾಕಿ ತನ್ನ ಹಳೆಯ ಬಂದೂಕನ್ನು ತರಬೇಕು. ಉರ್ಬಾನ್ ಅದನ್ನು ಎಲ್ಲರ ಎದುರು ಗರಗಸದಲ್ಲಿ ಎರಡು ತುಂಡು ಮಾಡುತ್ತಾನೆ. "ಹೊಸ ಹೆಂಡ್ತಿ ಮನೆಗೆ ಬಂದ್ಮೇಲೆ ಹಳೆಯವಳು ಅಟ್ಟದ ಮೇಲೆ ಕೂತಿರಬಾರ್ದು" ಎನ್ನುವುದು ಅವನ ಮಾತು. ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಹೊಸತನ್ನು ಕೈಗೆ ಕೊಟ್ಟು ಮೂರು ಗುಂಡು ಹೊಡೆಸುತ್ತಾನೆ. ಅದಕ್ಕಿಂತ ಮುಂಚೆ ಅದನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲ.

ಲೋವ್ರೊ ನಮ್ಮ ಕಣಿವೆಯ ಬಸ್ಸು ಓಡಿಸಿ ನಿವೃತ್ತನಾದವನು. ಇಡೀ ಆಯುಷ್ಯ ಬೇರೆಯವರನ್ನು ಹೊತ್ತುಕೊಂಡು ಹೋದ ಮನುಷ್ಯ. ನನ್ನ ಮೊದಲ ಹೆರಿಗೆಗೆ ನಿಲ್ದಾಣವಲ್ಲದ ಜಾಗದಲ್ಲಿ ಬಸ್ಸು ತಿರುಗಿಸಿ ಆಸ್ಪತ್ರೆಗೆ ಒಯ್ದವನು ಅವನೇ. ಅಪ್ಪ ಬಿಟ್ಟುಹೋಗಿದ್ದ ನೇರ ಹಿಡಿಯ ಹಳೆಯ ಬಂದೂಕಲ್ಲಿ ಬೇಟೆ ಆಡುತ್ತಿದ್ದ. ಆ ಹಿಡಿ ಕೆನ್ನೆಗೆ ಹೊಡೆದೂ ಹೊಡೆದೂ ಪ್ರತಿ ಶರತ್ಕಾಲದಲ್ಲಿ ಅವನ ಮುಖ ನೀಲಿಯಾಗಿರುತ್ತಿತ್ತು. ನಿವೃತ್ತಿಯಾದ ವರ್ಷ, ಜೀವನದಲ್ಲಿ ಒಂದಾದರೂ ವಸ್ತು ನನ್ನ ಅಳತೆಗೇ ಇರಲಿ ಎಂದು ಉರ್ಬಾನನ ಮುಂದೆ ಅಂಗಿಯಲ್ಲಿ ನಿಂತ.

ಆಸೆಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಪೊದ್‌ಸ್ತೇನಾ ಊರಿನ ಬೇಟೆ ಸಂಘಕ್ಕೆ 'ಬೇಟೆ ಕುಟುಂಬ' ಎಂದೇ ಹೆಸರು. ಅದರಲ್ಲಿ ಸದಸ್ಯನಾಗಿ ನಲವತ್ತು ವರ್ಷ ತುಂಬಿದವನಿಗೆ ಮೇಲಿನ ಬಂಡೆಗಳಲ್ಲಿ ಒಂದು ಬಂಡೆಮೇಕೆಯ ಹೋತವನ್ನು ಬಿಟ್ಟುಕೊಡುತ್ತಾರೆ. ಜನ್ಮಕ್ಕೆ ಒಂದೇ ಸಲ. ಆ ವರ್ಷ ಹೊಡೆಯದಿದ್ದರೆ ಅದು ಮುಂದಿನ ಹಿರಿಯನಿಗೆ. ಲೋವ್ರೊ ಸೇರಿದಂದಿನಿಂದಲೂ ಬೇರೆಯವರ ಹೋತಗಳನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದ್ದ. ತನ್ನ ಹೋತವನ್ನು ತನ್ನ ಬಂದೂಕಲ್ಲೇ ಹೊಡೆಯಬೇಕು ಎಂದು ನನ್ನ ಹುರುಳಿ ಗಂಜಿ ಉಣ್ಣುತ್ತಾ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

ನಾಲ್ಕು ವರ್ಷ ಕಾದ. ಫೋನ್ ಮಾಡಲಿಲ್ಲ. ಉರ್ಬಾನನ ಕೊಟ್ಟಿಗೆಯ ಮುಂದೆ ಹಾದುಹೋಗಬೇಕಾದರೆ ಇಣುಕಿ ನೋಡಿದಂತೆ ಆಗಬಾರದೆಂದು ರಸ್ತೆಯ ಆ ಬದಿಗೆ ದಾಟುತ್ತಿದ್ದ. ಐದನೆಯ ವರ್ಷ ಚಳಿಗಾಲದಲ್ಲಿ ಒಂದು ಬೆಳಗ್ಗೆ ಕಣ್ಣೊಳಗೆ ರಕ್ತನಾಳ ಒಡೆದು ಬಲಗಣ್ಣು ಹೋಯಿತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕಣ್ಣು ಹಾಗೇ ಇತ್ತು, ನೋಟ ಇರಲಿಲ್ಲ. ನನಗೆ ತಿಳಿದದ್ದು ಅವನು ಸಾರಾಯಿಯನ್ನು ಗ್ಲಾಸಿನ ಹೊರಗೆ ಸುರಿದಾಗ.

"ಉರ್ಬಾನನಿಗೆ ಹೇಳು" ಎಂದೆ.

"ಹುಚ್ಚು ಹಿಡಿದಿದ್ಯಾ ನಿಂಗೆ? ಹೇಳಿದ್ರೆ ಸಾಲಿನ ಕೊನೆಗೆ ಹಾಕ್ತಾನೆ. ಮತ್ತೆ ಆರೇಳು ವರ್ಷ. ಅಷ್ಟೊತ್ತಿಗೆ ನನ್ನ ಅಳತೆ ತಗೊಳ್ಳೋನು ಉರ್ಬಾನ್ ಆಗಿರಲ್ಲ, ಶವಪೆಟ್ಟಿಗೆ ಮಾಡೋನು ಆಗಿರ್ತಾನೆ."

"ಬ್ರಾನೆಗಾದ್ರೂ ಹೇಳು." ಬ್ರಾನೆ ಎಂದರೆ ಬೇಟೆ ಕುಟುಂಬದ ಯಜಮಾನ. ಯಾರಿಗೆ ಯಾವ ಪ್ರಾಣಿ ಎಂದು ಹಂಚುವವನು ಅವನೇ.

"ಅವನಿಗೆ ಹೇಳಿದ್ರೆ ನನ್ನ ಹೋತ ಹೋಯ್ತು. ಹೋತಕ್ಕೆ ನನ್ನ ಹಿಂದೆ ಸಾಲಲ್ಲಿ ನಿಂತಿರೋನು ಯಾರು? ಅವನೇ ತಾನೆ. ನೀನು ಬಾಯಿ ಮುಚ್ಕೊಂಡಿರಮ್ಮ, ಪುಣ್ಯ ಬರತ್ತೆ."

ಸುಮ್ಮನೆ ಕೂರುವ ಜಾಯಮಾನ ಲೋವ್ರೊನದ್ದಲ್ಲ. ಹಳೆಯ ಕಲ್ಲುಗಣಿಗೆ ಒಬ್ಬನೇ ಹೋಗಿ ಅಪ್ಪನ ಬಂದೂಕನ್ನು ಎಡಹೆಗಲಿಗೆ ಇಟ್ಟು ಎಡಗಣ್ಣಲ್ಲಿ ಹೊಡೆಯಲು ಕಲಿತ. ಆ ನೇರ ಹಿಡಿ ಬಲಕ್ಕೂ ಅಷ್ಟೇ, ಎಡಕ್ಕೂ ಅಷ್ಟೇ. ಎರಡು ವರ್ಷದಲ್ಲಿ ಕೈ ಕುದುರಿತು. ಗಣಿಯಿಂದ ಬಂದು ತೂತು ಬಿದ್ದ ರಟ್ಟನ್ನು ಮೇಜಿನ ಕೆಳಗಿನಿಂದ ನನಗೆ ತೋರಿಸಿ ಹುಡುಗನ ಹಾಗೆ ನಗುತ್ತಿದ್ದ. ಆ ಬಂದೂಕಲ್ಲಿ ಅವನು ಹೋತ ಹೊಡೆಯುತ್ತಿದ್ದ, ನನಗೆ ಸಂಶಯವೇ ಇಲ್ಲ.

ಅಷ್ಟರಲ್ಲಿ ಇಡೀ ಊರಿಗೆ ಅವನ ಕಣ್ಣಿನ ವಿಷಯ ಗೊತ್ತಾಗಿತ್ತು. ಬ್ರಾನೆಗೂ ಕಿವಿಗೆ ಬಿದ್ದಿರಬೇಕು, ಆದರೆ ಕಣ್ಣಿಗೆ ಬೀಳದ್ದು ಅವನಿಗೆ ಲೆಕ್ಕಕ್ಕಿಲ್ಲ. ಗೊತ್ತಿಲ್ಲದವನು ಉರ್ಬಾನ್ ಒಬ್ಬನೇ. ಅವನಿಗೆ ಹೇಳುವವರಾದರೂ ಯಾರು? ಬಾಯಿ ತೆರೆದರೆ ಕಚ್ಚುವವನ ಹತ್ತಿರ ಯಾರೂ ಸುದ್ದಿ ಒಯ್ಯುವುದಿಲ್ಲ. ಅವನು ತನ್ನ ಪಾಡಿಗೆ ಅಕ್ರೋಟ್ ಮರದಲ್ಲಿ ಲೋವ್ರೊನ ಬಲಕೆನ್ನೆಯನ್ನು ಕೂರಿಸುತ್ತಾ, ಬಲಹೆಗಲಿಗೆ ಹಿಡಿಯನ್ನು ಬಾಗಿಸುತ್ತಾ ಕೂತಿದ್ದ.

ಲೋವ್ರೊನಿಗೆ ಸಂಘದಲ್ಲಿ ನಲವತ್ತು ತುಂಬಿದ ವರ್ಷವೇ, ಆಗಸ್ಟ್ ಮೊದಲ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಬಂದೂಕು ಕೊಡುವುದು ಎಂದು ಉರ್ಬಾನ್ ಹೇಳಿಕಳಿಸಿದ. ನನ್ನ ಹೋಟೆಲಿನ ಹಿಂದಿನ ಹುಲ್ಲುಗಾವಲಿನಲ್ಲಿ ಗುರಿಹಲಗೆ ನಿಲ್ಲಿಸಿದರು. ಬೇಟೆ ಕುಟುಂಬವೆಲ್ಲ ಹಸಿರು ಟೊಪ್ಪಿಯಲ್ಲಿ ಬಂತು. ಲೋವ್ರೊ ಕ್ಷೌರ ಮಾಡಿಸಿಕೊಂಡು, ಅಪ್ಪನ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಉರ್ಬಾನ್ ಅದನ್ನು ಬಿಚ್ಚಿ ಮೂಸಿ ನೋಡಿದ.

"ಇದರಲ್ಲಿ ಇಲೀನೂ ಸಾಯಲ್ಲ. ಹಿಡೀರೋ ಆ ಕಡೆ."

ಗರಗಸ ಕೈಗೆ ತೆಗೆದುಕೊಂಡ. ನನಗೆ ತಡೆಯಲಾಗಲಿಲ್ಲ. "ಏ ಉರ್ಬಾನ್, ತಡಿ! ಮೊದ್ಲು ಹೊಸದರಲ್ಲಿ ಹೊಡೀಲಿ, ಆಮೇಲೆ ಬೇಕಾದ್ರೆ ಕುಯ್ಯಿ."

"ನೀನು ಹೋಗಿ ನಿನ್ನ ಸಾರು ತಳ ಹತ್ತದ ಹಾಗೆ ನೋಡ್ಕೋ. ಬಂದೂಕಿನ ಮಾತು ಗಂಡಸರು ಆಡ್ತಾರೆ."

"ಗಂಡಸರಲ್ಲಿ ಒಬ್ಬನಿಗಾದ್ರೂ ಬಾಯಿ ಇದ್ಯಾ ಇಲ್ಲಿ? ಲೋವ್ರೊ, ಹೇಳೋ!"

ಲೋವ್ರೊ ನನ್ನ ಕಡೆ ತಿರುಗಿದ. ಬ್ರಾನೆ ಅವನಿಂದ ಮಾರು ದೂರದಲ್ಲಿ ನಿಂತಿದ್ದ. "ಸಾಕು ಸುಮ್ನಿರು ತಿಲ್ಕಾ" ಎಂದ ಲೋವ್ರೊ, ಬೇಡಿಕೊಳ್ಳುವ ದನಿಯಲ್ಲಿ. "ಕುಯ್ಯಲಿ. ಕಟ್ಟಳೆ ಅಂದ್ರೆ ಕಟ್ಟಳೆ."

ನಳಿಗೆ ಎರಡಾಗಿ ಹುಲ್ಲಿಗೆ ಬಿತ್ತು. ಚಪ್ಪಾಳೆ ಬಿದ್ದಿತು. ಆಮೇಲೆ ಉರ್ಬಾನ್ ಹೊಸದನ್ನು ತಂದ. ನಾನು ಸಿಟ್ಟಲ್ಲಿದ್ದೆ, ಆದರೂ ಹೇಳುತ್ತೇನೆ, ಅಂಥ ವಸ್ತುವನ್ನು ನಾನು ಕಂಡಿರಲಿಲ್ಲ. ಮರದೊಳಗಿನ ಕಪ್ಪು ಗೆರೆಗಳು ನಳಿಗೆಯವರೆಗೆ ಹರಿದು ಹೋಗಿದ್ದವು. ಕೀಲು ಮುಚ್ಚಿದಾಗ ಸದ್ದೇ ಬರಲಿಲ್ಲ. ಲೋವ್ರೊ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ.

"ಒಳ್ಳೇ ನೋಟ!" ಎಂದು ಎಲ್ಲರೂ ಕೂಗಿದರು. ನಮ್ಮ ಬೇಟೆಗಾರರು ಒಬ್ಬರಿಗೊಬ್ಬರು ಹಾರೈಸುವುದೇ ಹಾಗೆ.

ಲೋವ್ರೊ ಅದನ್ನು ಬಲಹೆಗಲಿಗೆ ಏರಿಸಿದ. ಅಭ್ಯಾಸಬಲವೋ, ಅಥವಾ ಒಂದು ಕ್ಷಣವಾದರೂ ಅದು ತನ್ನ ಮೈಗೆ ಹೇಗೆ ಕೂರುತ್ತದೆಂದು ನೋಡುವ ಆಸೆಯೋ. ಕೂತಿತು. ಕೆನ್ನೆ ಮರದೊಳಗೆ ಇಳಿದು ಸೇರಿಕೊಂಡಿತು. ಅವನ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ ನಾನು ಬೇರೆ ಕಡೆ ನೋಡಿದೆ. ನಳಿಗೆಯ ಮೇಲೆ ಕೂರಿಸಿದ್ದ ದುರ್ಬೀನಿನಲ್ಲಿ ಅವನಿಗೆ ಕಾಣುತ್ತಿದ್ದುದು ಬರೀ ಕತ್ತಲು.

ಆಮೇಲೆ ಎಡಹೆಗಲಿಗೆ ಬದಲಿಸಿದ. ಬಲಕ್ಕೆಂದು ಬಾಗಿದ ಹಿಡಿ ಎಡಹೆಗಲಿಂದ ಜಾರುತ್ತಿತ್ತು. ಕೆನ್ನೆಗೆ ಆಸರೆಯಿಲ್ಲ. ದುರ್ಬೀನಿನೊಳಗೆ ಕಣ್ಣು ಹೊಂದಿಸಲು ಕತ್ತನ್ನು ಮುಂದೆ ಮುಂದೆ ಚಾಚಿದ. ಹೊಡೆದ. ಗುಂಡು ಹುಲ್ಲುಗಾವಲಿನ ಆಚೆ ಎಲ್ಲೋ ಹೋಯಿತು. ಬಂದೂಕು ಹಿಂದಕ್ಕೆ ಒದ್ದು ದುರ್ಬೀನಿನ ಅಂಚು ಅವನ ಎಡಹುಬ್ಬನ್ನು ಸೀಳಿತು. ಇದ್ದ ಒಂದು ಕಣ್ಣಿಗೂ ರಕ್ತ ತುಂಬಿಕೊಂಡು, ಬಂದೂಕು ನೆಲಕ್ಕೆ ಬೀಳದಂತೆ ಅವಚಿಕೊಂಡು ಮೊಣಕಾಲೂರಿದ.

ನಾನು ಏಪ್ರನ್ ಬಿಚ್ಚಿಕೊಂಡು ಓಡಿದೆ. ಉರ್ಬಾನನೂ ಓಡಿಬಂದ. ಮೊದಲು ಬಂದೂಕನ್ನು ಎತ್ತಿಕೊಂಡು ಅದರ ಮೇಲಿನ ರಕ್ತ ಒರೆಸಿದ. ಆಮೇಲೆ ಲೋವ್ರೊನ ಬಲಗಣ್ಣಿನ ಮುಂದೆ ಕೈ ಆಡಿಸಿದ. ಕಣ್ಣು ಮಿಟುಕಲಿಲ್ಲ.

"ಯಾವಾಗಿಂದ?"

"ಎರಡು ವರ್ಷ ಆಯ್ತು."

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಸಾಲಿನ ಕೊನೆಗೆ ಹಾಕ್ತಿದ್ದೆ."

"ಹಾಕ್ತಿದ್ದೆ. ಹಾಕ್ದೆ ಬಿಡ್ತಿದ್ನಾ?" ಉರ್ಬಾನ್ ಕೊಟ್ಟಿಗೆಗೆ ಹೋಗಿ ಲೋವ್ರೊನ ಅಳತೆಕೋಲು ತಂದು ಅವನ ತೋಳಿಗೆ, ಕತ್ತಿಗೆ, ಬಲಕೆನ್ನೆಗೆ ಇಟ್ಟು ಎಲ್ಲರಿಗೂ ತೋರಿಸಿದ. "ನೋಡ್ರಪ್ಪಾ. ತೋಳು ಸರಿ. ಹೆಗಲು ಸರಿ. ಕೆನ್ನೆ ಸರಿ. ಬಂದೂಕಲ್ಲಿ ಕೂದಲೆಳೆ ತಪ್ಪಿಲ್ಲ. ತಪ್ಪಿರೋದು ಈ ಮನುಷ್ಯನಲ್ಲಿ."

ಯಾರೋ ನಕ್ಕರು. ಬ್ರಾನೆ ನಗಲಿಲ್ಲ. ಟೊಪ್ಪಿ ಸರಿಮಾಡಿಕೊಂಡು ಮುಂದೆ ಬಂದು ಬಹಳ ಮರ್ಯಾದೆಯಿಂದ ಹೇಳಿದ: "ಲೋವ್ರೊ, ಈಗ ಎಲ್ರೂ ನೋಡಿಬಿಟ್ರು. ನಾನು ನೋಡ್ದೇ ಇರೋ ಹಾಗೆ ಇರೋಕಾಗಲ್ಲ. ಡಾಕ್ಟರ ಕಡೆಯಿಂದ ಆಗತ್ತೆ ಅಂತ ಚೀಟಿ ಬರೋವರೆಗೂ ನೀನು ಬೇಟೆಗೆ ಇಲ್ಲ. ಅದು ಬರೋಷ್ಟರಲ್ಲಿ ವಸಂತ ಆಗತ್ತೆ."

"ಹೋತ?"

"ಕಟ್ಟಳೆ ನಿಂಗೂ ಗೊತ್ತಲ್ಲಪ್ಪ."

ಸೋಮವಾರ ನಾನೇ ಬೇಲಿ ದಾಟಿ ಉರ್ಬಾನನ ಕೊಟ್ಟಿಗೆಗೆ ಹೋದೆ. ಅವನು ಬೆಂಚಿನ ಮೇಲೆ ಕೈ ಚೆಲ್ಲಿ ಕೂತಿದ್ದ.

"ಆ ಹಿಡಿ ಕೆತ್ತಿ ಎಡಕ್ಕೆ ಮಾಡಿಕೊಡು" ಎಂದೆ. "ಚಂದ ಬೇಡ, ಅಂದ ಬೇಡ. ಮುದುಕ ಇಟ್ಕೊಳ್ಳೋ ಹಾಗೆ ಆದ್ರೆ ಸಾಕು. ವಸಂತಕ್ಕೆ ಡಾಕ್ಟರು ಒಪ್ಪಿದ್ರೆ ಒಂದು ಹಂದಿಯಾದ್ರೂ ಹೊಡ್ಕೋತಾನೆ."

"ಆ ಮರಕ್ಕೆ ಉಳಿ ಮುಟ್ಟಿಸಲ್ಲ."

"ಕಲ್ಲು ಕಣೋ ನೀನು! ಅವನ ಅಪ್ಪನ ಬಂದೂಕನ್ನೂ ಕುಯ್ದು ಹಾಕ್ದೆ."

ಆಗ ಅವನು ತಲೆ ಎತ್ತಿದ. ಅವನ ಕಣ್ಣು ಕೆಂಪಾಗಿತ್ತು. "ನನ್ನೇ ಬೈ. ಎಲ್ರೂ ನನ್ನೇ ಬೈರಿ. ಎರಡು ವರ್ಷ, ತಿಲ್ಕಾ. ಆ ಕೆನ್ನೆ ಇಳಿಸೋಕೆ ಎರಡು ಚಳಿಗಾಲ ಉಜ್ಜಿದೀನಿ. ಅವನ ಮುಖ ನಂಗೆ ಅವನ ಹೆಂಡ್ತಿಗಿಂತ ಚೆನ್ನಾಗಿ ಗೊತ್ತು ಅಂದ್ಕೊಂಡಿದ್ದೆ. ಇಲ್ದೇ ಇರೋ ಮನುಷ್ಯನಿಗೆ ಮಾಡ್ತಾ ಕೂತಿದ್ನಲ್ಲ! ಊರಿಗೆಲ್ಲ ಗೊತ್ತಿತ್ತಂತೆ. ಒಬ್ಬ ಬಂದು ಹೇಳಲಿಲ್ಲ."

"ಹೇಳೋ ಹಾಗೆ ನೀನು ಯಾವತ್ತು ಇಟ್ಕೊಂಡಿದ್ದೆ?"

ಅವನು ಉಪ್ಪುಕಾಗದ ಕೈಗೆತ್ತಿಕೊಂಡು ಮುಂದಿನ ಗಿರಾಕಿಯ ಹಿಡಿ ಉಜ್ಜತೊಡಗಿದ. ಅವನ ಮೇಲೆ ಕನಿಕರ ಬಂದದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಅಕ್ಟೋಬರಿನಲ್ಲಿ ಹೋತ ಬ್ರಾನೆಯ ಪಾಲಿಗೆ ಬಂತು. ಮೇಲಿನ ಬಂಡೆಗಳ ದಾರಿ ಲೋವ್ರೊನಷ್ಟು ಚೆನ್ನಾಗಿ ಬಲ್ಲವರಿಲ್ಲ, ಆದ್ದರಿಂದ ದಾರಿ ತೋರಿಸಲು ಅವನನ್ನೇ ಕರೆದ. ಅಷ್ಟು ಸಾಲದು ಎಂಬಂತೆ ಅವನ ಬಂದೂಕನ್ನೂ ಕೇಳಿದ. "ನಂದು ಭಾರ. ನಿಂದು ಹೇಗೂ ಗೋಡೆ ಮೇಲೆ ನೇತಾಡ್ತಿದೆ" ಎಂದನಂತೆ. ನಾನಾಗಿದ್ದರೆ ಅದೇ ಬಂದೂಕಿನಿಂದ ಅವನ ತಲೆ ಒಡೆಯುತ್ತಿದ್ದೆ. ಲೋವ್ರೊ ಕೊಟ್ಟ. ಬಂದೂಕು ಒಂದು ಸಲವಾದರೂ ಮೇಲೆ ಹೋಗಲಿ ಎಂದು ಅವನೇ ಹೆಗಲಿಗೆ ಹಾಕಿಕೊಂಡು ಹೊತ್ತು ಹೋದ.

ಸಂಜೆಯ ಹೊತ್ತಿಗೆ ಇಬ್ಬರೂ ನನ್ನ ಹೋಟೆಲಿಗೆ ಇಳಿದರು. ಹೋತ ಲೋವ್ರೊನ ಬೆನ್ನ ಮೇಲಿತ್ತು. ಬ್ರಾನೆಯ ಟೊಪ್ಪಿಯಲ್ಲಿ ರಕ್ತದಲ್ಲಿ ಅದ್ದಿದ ಪೈನ್ ಚಿಗುರು. ಹೊಡೆದವನಿಗೆ ಆ ಚಿಗುರನ್ನು ಮುರಿದು, ಅದ್ದಿ, ಕೈಕುಲುಕಿ ಕೊಡಬೇಕಾದವನು ಜೊತೆಗೆ ಹೋದವನು. ಅಂದರೆ ಲೋವ್ರೊ ಕೊಟ್ಟಿದ್ದ.

ಬ್ರಾನೆ ಕೂತು ಕತೆ ಹೇಳಿದ. ಹೋತ ಬಂಡೆಯ ತುದಿಯಲ್ಲಿ ನಿಂತದ್ದು, ಗಾಳಿ ತಿರುಗಿದ್ದು, ಒಂದೇ ಗುಂಡಿಗೆ ಮಡಿಸಿಕೊಂಡು ಬಿದ್ದದ್ದು. ಜೊತೆಗಿದ್ದವನು "ಹೌದು, ಹಾಗೇ ಆಯಿತು" ಎಂದು ಸಾಕ್ಷಿ ಹೇಳುವುದು ಪದ್ಧತಿ. ಲೋವ್ರೊ ಹೌದು, ಹಾಗೇ ಆಯಿತು ಎಂದ. ಅವನಿಗೆ ಅದು ಎಷ್ಟು ಕಂಡಿತ್ತೋ ದೇವರಿಗೇ ಗೊತ್ತು.

"ಬಂದೂಕು ಹೇಗಿದ್ಯಪ್ಪಾ ಲೋವ್ರೊ?" ಎಂದು ಮೂಲೆಯಿಂದ ಒಬ್ಬ ಕೆಣಕಿದ. ಹೋಟೆಲೆಲ್ಲ ನಗು ತಡೆದುಕೊಂಡು ಕಾಯಿತು. ಈಗಲಾದರೂ ಬೈಯುತ್ತಾನೆ, ಹೊಟ್ಟೆಯಲ್ಲಿದ್ದದ್ದನ್ನು ಕಾರುತ್ತಾನೆ ಎಂದುಕೊಂಡೆ ನಾನು. ಬೈಯಲಿ ಎಂದು ದೊಡ್ಡ ಗ್ಲಾಸನ್ನೇ ತುಂಬಿ ಅವನ ಮುಂದಿಟ್ಟೆ.

ಲೋವ್ರೊ ಹುಬ್ಬಿನ ಮೇಲಿನ ಕಲೆಯನ್ನು ಉಜ್ಜಿಕೊಂಡ.

"ಅದರಂಥದ್ದು ಇನ್ನೊಂದಿಲ್ಲ" ಎಂದ. "ಬಲಹೆಗಲಿಗೆ ಇಟ್ಟಾಗ ಹೇಗೆ ಕೂತ್ಕೊಳ್ತು ಅಂತ ನಿಮಗೆ ಹೇಳೋಕಾಗಲ್ಲ. ಮಾಡಿಸ್ಕೊಳ್ಳೋದಾದ್ರೆ ಉರ್ಬಾನನ ಹತ್ರಾನೇ ಮಾಡಿಸ್ಕೊಳ್ರಪ್ಪಾ. ಕಾಯ್ಬೇಕು, ಬೈಸ್ಕೋಬೇಕು. ಆದ್ರೂ."

ಯಾರೂ ನಗಲಿಲ್ಲ. ನನಗೆ ಆ ಗ್ಲಾಸನ್ನು ಕಿತ್ತು ಅವನ ಮುಖಕ್ಕೆ ಎರಚಬೇಕೆನಿಸಿತು.

ಮರುದಿನ ಬೆಳಗ್ಗೆ ನಾನು ಅಡಿಗೆಮನೆಯ ಕಿಟಕಿ ತೆರೆದಾಗ ಉರ್ಬಾನನ ಬಾಗಿಲ ಮುಂದೆ ಬ್ರಾನೆ ನಿಂತಿದ್ದ, ಕೋಟು ಕೈಯಲ್ಲಿ, ಬರಿಯ ಅಂಗಿಯಲ್ಲಿ, ಅಳತೆ ಕೊಡಲು. ಅವನ ಹಿಂದೆ, ಒಗೆದ ಬಿಳಿ ಅಂಗಿ ಹಾಕಿ, ಇದ್ದ ನಾಲ್ಕು ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಲೋವ್ರೊ ನಿಂತಿದ್ದ. ಇಬ್ಬನಿ ಬಿದ್ದ ಚಳಿ. ಎಪ್ಪತ್ತು ದಾಟಿದ ಮೈ ಗದಗದ ನಡುಗುತ್ತಿತ್ತು.

ಉರ್ಬಾನ್ ಬಾಗಿಲು ತೆರೆದು ಇಬ್ಬರನ್ನೂ ನೋಡಿದ. ಲೋವ್ರೊ ಎಡಹೆಗಲನ್ನು ಸ್ವಲ್ಪ ಮುಂದೆ ಮಾಡಿದ.

"ಬ್ರಾನೆ ಆದ್ಮೇಲೆ" ಎಂದ ಉರ್ಬಾನ್. "ಅವನ ಮುಂದೆ ಇನ್ನೂ ಹನ್ನೊಂದು ಜನ ಇದ್ದಾರೆ."

"ಆಯ್ತಪ್ಪಾ" ಎಂದ ಲೋವ್ರೊ. "ಬಹಳ ಉಪಕಾರ ಆಯ್ತು." ಅವನು ನಿಜವಾಗಿಯೂ ಸಂತೋಷಪಟ್ಟಿದ್ದ, ಮುಖವೆಲ್ಲ ಅರಳಿತ್ತು. ನಾನು ಕಿಟಕಿ ಮುಚ್ಚಿ, ಅವರಿಬ್ಬರಿಗೂ ಬಾಯಿಗೆ ಬಂದ ಹಾಗೆ ಶಾಪ ಹಾಕುತ್ತಾ ಒಲೆಯ ಮುಂದೆ ನಿಂತು ಅತ್ತೆ.